ಎರಡು ಕಪ್ಪು

ದೇವಿದಾಸನ ತಾಟಿನಲ್ಲಿ ಪಲ್ಯ ಎಡಕ್ಕೇ ಇರಬೇಕು, ಶೇಂಗಾ ಹಿಂಡಿ ಬಲಕ್ಕೆ, ಬೇಳೆಯ ಬಟ್ಟಲು ನಡುವೆ. ಎರಡು ವರ್ಷದಿಂದ ಕಮಳಾಬಾಯಿ ಇದನ್ನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಗಂಡನಿಗೆ ಅವಳೇ ಬಡಿಸಬೇಕು. ಸೊಸೆ ಪೂನಂ ಆ ಕಡೆ ಕೈ ಚಾಚಿದರೆ ಸಾಕು, "ನೀ ರೊಟ್ಟಿ ನೋಡು, ಹೊತ್ತಾಕತ್ತದ" ಎಂದು ಒಲೆಯ ಕಡೆಗೆ ಅಟ್ಟಿಬಿಡುತ್ತಿದ್ದಳು. ಮದುವೆಯಾಗಿ ಬಂದು ವರ್ಷವಾದರೂ ಮಾವನಿಗೆ ಒಂದು ಸೌಟು ಬೇಳೆ ಬಡಿಸುವ ಅಧಿಕಾರ ಸಿಗಲಿಲ್ಲವಲ್ಲ ಎಂದು ಪೂನಂಗೆ ಒಳಗೊಳಗೇ ಸಿಟ್ಟು. ಅತ್ತೆಯಾದವಳಿಗೆ ಬರಬೇಕಾದ ಕೆಟ್ಟ ಹೆಸರನ್ನೆಲ್ಲ ಕಮಳಾಬಾಯಿ ಹೀಗೆ ಪುಕ್ಕಟೆಯಾಗಿ ಸಂಪಾದಿಸಿಕೊಂಡಿದ್ದಳು.

ನಿಜ ಸಂಗತಿ ಬೇರೆ. ದೇವಿದಾಸನಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರಾ ಕತ್ತಲೆಯೇನಲ್ಲ. ಬೆಳಕು, ನೆರಳು, ಎದುರು ಬಂದವರ ಆಕಾರ ತಿಳಿಯುತ್ತಿತ್ತು. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಕಾಲಿಗೆ ದಾರಿ ಗೊತ್ತಿತ್ತು. ಹೋದದ್ದು ಬಣ್ಣ, ಹೋದದ್ದು ಗೆರೆ. ಆದರೆ ಅವನ ಕಸುಬೇ ನಾಟಕದವರ ಮುಖಕ್ಕೆ ಬಣ್ಣ ಹಚ್ಚುವುದು. ಎರಡು ವರ್ಷದ ಹಿಂದೆ ಹಸಿರು ಸೀರೆ ಉಟ್ಟು ನಿಂತ ಹೆಂಡತಿಗೆ ಅವನು "ಈ ಕೆಂಪು ನಿನಗ ಒಪ್ಪತದ" ಎಂದಾಗ ಅವಳಿಗೆ ಎಲ್ಲ ತಿಳಿದುಹೋಯಿತು. "ಹೌದ್ರಿ" ಎಂದಳು, ಅಷ್ಟೆ. ನಿಮಗೆ ಕಾಣುವುದಿಲ್ಲ ಎಂದು ಅವಳು ಹೇಳಲಿಲ್ಲ. ನಿನಗೆ ಗೊತ್ತಾಯಿತೇ ಎಂದು ಅವನು ಕೇಳಲಿಲ್ಲ.

ಅವನ ಬಣ್ಣದ ಪೆಟ್ಟಿಗೆ ಒಂದು ಹಳೆಯ ತಗಡಿನ ಟ್ರಂಕು. ಅಡಿಯಲ್ಲಿ ಬಿಳಿ, ಹಳದಿ, ಗುಲಾಬಿ, ಕೆಂಪು ಪುಡಿಯ ಡಬ್ಬಿಗಳು. ಒಂದೊಂದೂ ಒಂದೊಂದು ಗಾತ್ರದ್ದು, ಕೈಗೇ ಗುರುತು ಸಿಗುತ್ತದೆ. ಮೇಲೆ ಎತ್ತಿಡುವಂಥ ಒಂದು ಚಿಕ್ಕ ಕಟ್ಟಿಗೆಯ ತಟ್ಟೆ. ಅದರ ಎಡತುದಿಗೆ ಕಣ್ಣಿನ ಕಪ್ಪು, ಬಲತುದಿಗೆ ಮೀಸೆಯ ಕಪ್ಪು, ನಡುವೆ ಕಡ್ಡಿ ಮತ್ತು ಹತ್ತಿ. ಎರಡೂ ಕಪ್ಪನ್ನು ಕಮಳಾಬಾಯಿಯೇ ಮನೆಯಲ್ಲಿ ಮಾಡುತ್ತಿದ್ದಳು. ಕಣ್ಣಿನದು ಔಡಲೆಣ್ಣೆಯ ದೀಪದ ಮಸಿಗೆ ಬೆಣ್ಣೆ ಸೇರಿಸಿದ್ದು, ಹಸುಗೂಸಿಗೂ ಹಚ್ಚಬಹುದು. ಮೀಸೆಯದು ಅದೇ ಮಸಿಗೆ ರಾಳ, ಸ್ಪಿರಿಟ್ ಹಾಕಿ ಕಲಸಿದ್ದು. ಎಷ್ಟು ಬೆವೆತರೂ ಇಳಿಯುವುದಿಲ್ಲ, ಕಣ್ಣಿಗೆ ತಾಗಿದರೆ ಸುಡುತ್ತದೆ. ಡಬ್ಬಿಗಳು ಮಾತ್ರ ಎರಡೂ ಒಂದೇ ಅಳತೆಯವು. ಕಣ್ಣಿದ್ದವರಿಗೆ ಒಂದರ ಹೊಳಪು ಕಾಣುತ್ತದೆ. ದೇವಿದಾಸನಿಗೆ ಎಡ ಮತ್ತು ಬಲ ಬಿಟ್ಟರೆ ಬೇರೆ ಗುರುತಿಲ್ಲ. ನಲವತ್ತು ವರ್ಷ ಸ್ಪಿರಿಟ್ಟಿನ ವಾಸನೆ ಕುಡಿದ ಮೂಗೂ ಎಂದೋ ಸೋತಿತ್ತು.

ಬೇರೆ ಆಕಾರದ ಡಬ್ಬಿ ತಂದಿಟ್ಟರಾಯಿತು ಎಂದು ಕಮಳಾಬಾಯಿ ಎಷ್ಟೋ ಸಲ ಅಂದುಕೊಂಡಿದ್ದಳು. ಆದರೆ ತಂದಿಟ್ಟರೆ, ಇವಳಿಗೆ ಗೊತ್ತು ಎಂಬುದು ಅವನಿಗೆ ಗೊತ್ತಾಗುತ್ತದೆ. ಅದಕ್ಕೇ ಅವನು ಕೆಲಸಕ್ಕೆ ಹೊರಡುವ ಮುಂಚೆ ಕಸ ಗುಡಿಸುವ ನೆಪದಲ್ಲಿ ಟ್ರಂಕು ತೆಗೆದು, ತಟ್ಟೆ ಸರಿಯಿದೆಯೇ ನೋಡಿ ಮುಚ್ಚುತ್ತಿದ್ದಳು. ಅವನು ಮರಳಿ ಬರುವವರೆಗೆ ಅವಳು ಊಟಕ್ಕೆ ಕೂಡುತ್ತಿರಲಿಲ್ಲ.

ಹಾಗಿದ್ದರೆ ಕಸುಬು ಬಿಡಿಸಬಾರದಿತ್ತೇ ಎಂದು ನೀವು ಕೇಳಬಹುದು. ದೇವಿದಾಸನ ಮನೆಯ ನೀರು ಕುಡಿಯಲು ಹಿಂದೆಮುಂದೆ ನೋಡುವ ದೊಡ್ಡ ದೊಡ್ಡ ಒಕ್ಕಲು ಮನೆಯವರು ನಾಟಕದ ದಿನ ಅವನ ಮುಂದೆ ಗದ್ದ ಎತ್ತಿ, ಕಣ್ಣು ಮುಚ್ಚಿ ಕೂಡುತ್ತಿದ್ದರು. ಅವನು "ಅಲುಗಬ್ಯಾಡ್ರಿ" ಎಂದರೆ ಅಲುಗುತ್ತಿರಲಿಲ್ಲ. ವರ್ಷದಲ್ಲಿ ಹತ್ತು ಹದಿನೈದು ದಿನ ಮಾತ್ರ. ಉಳಿದ ದಿನಗಳನ್ನೆಲ್ಲ ಅವನು ಆ ಹದಿನೈದರ ಬಲದ ಮೇಲೆ ಬದುಕುತ್ತಿದ್ದ. ಅದನ್ನು ಕಿತ್ತುಕೊಳ್ಳುವ ಧೈರ್ಯ ಕಮಳಾಬಾಯಿಗೆ ಇರಲಿಲ್ಲ.

ಅಂಥದ್ದರಲ್ಲಿ ಒಂದು ದಿನ ಊಟಕ್ಕೆ ಕೂತಾಗ ದೇವಿದಾಸ, "ಪೂನಂಗ ಈ ವಿದ್ಯಾ ಕಲಿಸತೀನಿ" ಎಂದ.

ಕಮಳಾಬಾಯಿಯ ಕೈಯ ಸೌಟು ನಿಂತಿತು. "ಯಾಕ? ಮನ್ಯಾಗ ಕೆಲಸ ಕಡಿಮಿ ಬಿದ್ದದೇನು?"

"ನಾಟಕಕ್ಕ ಬರೋ ಹೆಣ್ಣಮಕ್ಕಳು ಹೆಂಗಸರ ಕೈಲೇ ಹಚ್ಚಿಸ್ಕೋತೀವಿ ಅಂತಾರ. ಮಂಠಾಳದಾಗ ಹೋದ ಸಲ ಅತಿಯಾ ಅನ್ನೋ ಕಲಾವಿದೆ ತಾನೇ ಹಚಗೊಂಡ್ಳು, ನನ್ನ ಕೈಗೆ ಕೊಡಲಿಲ್ಲ. ಕಾಲ ಬದಲಾಗ್ಯಾದ."

"ನಂಗ ಖರೇ ಆಸೆ ಅದ ಅತ್ತಿ" ಎಂದಳು ಪೂನಂ ಒಲೆಯ ಮುಂದಿನಿಂದ. "ಫೋನಿನ್ಯಾಗ ಮದುಮಗಳ ಮೇಕಪ್ ನೋಡಿ ನೋಡಿ ಕಲತೀನಿ. ನಾಟಕದ್ದು ಬ್ಯಾರೇನೇ ಅದ."

"ಇವತ್ತ ಹೆಣ್ಣಮಕ್ಕಳು, ನಾಳೆ ಗಂಡಸರ ಮೀಸಿ ತೀಡಾಕ ಹೋಗ್ತಿ. ಓಣ್ಯಾಗ ನಮ್ಮ ಮಾರಿ ಹ್ಯಾಂಗ ತೋರಿಸೋದು?"

ಷೇರ್ ಆಟೋ ಓಡಿಸುವ ಮಗ ಸಂಘಪಾಲ ನಕ್ಕ. "ಅವ್ವಾ, ನೀ ಯಾವ ಕಾಲದಾಗ ಇದ್ದಿ? ಕಲೀಲಿ ಬಿಡು."

ಓಣಿಯ ಮಾತು, ಗಂಡಸರ ಮೀಸೆ, ಎಲ್ಲ ನೆಪ. ಕಲಿಯುವವಳು ಮಗ್ಗುಲಲ್ಲೇ ಕೂಡುತ್ತಾಳೆ, ಕೈಯನ್ನೇ ನೋಡುತ್ತಾಳೆ. ಒಂದಲ್ಲ ಒಂದು ದಿನ ಮಾವನಿಗೆ ಕಾಣುವುದಿಲ್ಲ ಎಂಬುದು ಅವಳಿಗೆ ಕಾಣುತ್ತದೆ. ಕಮಳಾಬಾಯಿಯ ಭಯ ಅದೊಂದೇ. ಆ ಭಯವನ್ನು ಬಾಯಿಬಿಟ್ಟು ಹೇಳುವಂತಿಲ್ಲವಾದ್ದರಿಂದ ಆ ಹೊತ್ತಿನಿಂದ ಮನೆಯಲ್ಲಿ ದಿನಾ ಜಗಳ.

ಕಲಿಕೆ ಮೂರು ವಾರ ನಡೆಯಿತು. ಮೊದಲು ಮಣ್ಣಿನ ಗಡಿಗೆಯ ಬೆನ್ನಿನ ಮೇಲೆ ಹುಬ್ಬು ಬರೆಯುವುದು, ಆಮೇಲೆ ಸಂಘಪಾಲನ ಮುಖ. ಅವನು ಆಟೋ ನಿಲ್ಲಿಸಿ ಚಹಾಕ್ಕೆಂದು ಬಂದರೆ ರಾಜನೋ ಮುದುಕನೋ ಆಗಿ, ಮುಖ ತೊಳೆದುಕೊಂಡೇ ಮತ್ತೆ ಹೊರಬೀಳಬೇಕು. ಎಣ್ಣೆ ಸವರಿ, ಬಿಳಿಗೆ ಹಳದಿ ಬೆರೆಸಿ ಮೈಬಣ್ಣ ಮಾಡಿ, ಕೊರಳಿನವರೆಗೂ ಎಳೆಯಬೇಕು. ಇಲ್ಲದಿದ್ದರೆ ತಲೆ ಬೇರೆ ಯಾರದೋ ಅನ್ನಿಸುತ್ತದೆ. ಊರ ನಾಟಕದ ದೀಪಗಳು ಕ್ರೂರ, ತೆಳ್ಳಗೆ ಹಚ್ಚಿದ್ದನ್ನೆಲ್ಲ ತಿಂದುಬಿಡುತ್ತವೆ. ಕಡೆಯ ಸಾಲಿನ ಮುದುಕಿಗೂ ಪಾತ್ರದ ಕಣ್ಣು ಕಾಣುವಷ್ಟು ಗೆರೆ ದಪ್ಪ ಇರಬೇಕು.

"ಮಾರಿ ನೋಡಬ್ಯಾಡ" ಎನ್ನುತ್ತಿದ್ದ ದೇವಿದಾಸ. "ಕಣ್ಣು ಮುಚ್ಚು. ಬೆರಳಿಲೆ ಎಲುಬು ಹುಡುಕು. ಗಲ್ಲದ ಎಲುಬು ಎಲ್ಲಿ ಮುಗೀತದ, ಅಲ್ಲಿಂದ ಗುಲಾಬಿ ಸುರು."

ಪೂನಂ ಒಳಗೆ ಬಂದು ಹೇಳಿದಳು. "ಮಾಮಾ ನೋಡಲಾರದೇ ಹಚ್ಚತಾರ ಅತ್ತಿ. ಮಾರಿ ಮ್ಯಾಲ ಕಣ್ಣೇ ಇರೂದಿಲ್ಲ ಅವರದು. ಎಂಥಾ ವಿದ್ಯಾ ನೋಡ್ರಿ."

ಕಮಳಾಬಾಯಿ ನಾದುತ್ತಿದ್ದ ಹಿಟ್ಟನ್ನು ಇನ್ನೊಂದು ಸಲ ಗುದ್ದಿದಳು. "ಹೊಗಳೂದು ಸಾಕು. ನೀರು ತಾ" ಎಂದಳು.

ಪೂನಂ ಎಡಚಿ. ಮಾವ ಕೂರುವ ಮಗ್ಗುಲಲ್ಲಿ ಕೂತರೆ ಅವಳಿಗೆ ಕೈ ಓಡುವುದಿಲ್ಲ, ಎದುರು ಮಗ್ಗುಲಿಗೆ ಹೋಗಬೇಕು. ಇದನ್ನು ಕಮಳಾಬಾಯಿ ನೋಡಿದ್ದಳು, ಆದರೆ ಅದರ ಮುಂದಿನದನ್ನು ಯೋಚಿಸಿರಲಿಲ್ಲ. ಎಲ್ಲ ಕಡೆ ಕಾವಲು ಹಾಕಿದವಳು ಅಲ್ಲೊಂದು ಕಡೆ ಬಾಗಿಲು ತೆರೆದಿಟ್ಟಳು.

ಮುಡಬಿಯಲ್ಲಿ ನಾಟಕಕ್ಕೆ ಗೊತ್ತುಮಾಡಿದ ದಿನ ಬಂತು. ಅಲ್ಲಿನ ನಾಟಕ ಮಂಡಳಿಯ ಹಿರಿಯ ನಾಗನಾಥ. ಅವನ ಮಗ ಧನರಾಜನದೇ ಖಳನಾಯಕನ ಪಾತ್ರ, ದೊಡ್ಡ ಮೀಸೆ. ಧನರಾಜನಿಗೆ ನಾಲ್ಕು ವರ್ಷದಿಂದ ದೇವಿದಾಸನ ಕೈಯೇ ಆಗಬೇಕು. ಪೂನಂ ಮೊದಲ ಸಲ ಜೊತೆಗೆ ಹೊರಟಿದ್ದಳು.

ಬೆಳಗ್ಗೆಯೇ ಜಗಳ ಹತ್ತಿತು. ಪೂನಂ ಹೊಸ ಸೀರೆ ಉಟ್ಟದ್ದರಿಂದ ಸುರುವಾಯಿತು, ಯಾರು ಬುತ್ತಿ ಕಟ್ಟಬೇಕು ಎಂಬಲ್ಲಿಗೆ ಬಂತು, ತವರುಮನೆಯವರೆಗೆ ಹೋಯಿತು.

"ನಿಮಗ ನಾ ಏನು ಮಾಡಿದ್ರೂ ತಪ್ಪೇ ಅತ್ತಿ. ಮಾಮಾಗ ಬಡಿಸಾಕ ಹೋದ್ರ ತಪ್ಪು, ಕಲಿಯಾಕ ಹೋದ್ರ ತಪ್ಪು. ನಾ ಈ ಮನಿಯಾಕಿ ಹೌದೋ ಅಲ್ಲೋ ಅದರ ಹೇಳ್ರಿ."

"ಹೊರಡೋ ಹೊತ್ತಿನ್ಯಾಗ ಅಳಬ್ಯಾಡ. ಹೋಗೋದಿದ್ರ ಹೋಗು."

ಸಿಟ್ಟಿನಲ್ಲಿ ಕಮಳಾಬಾಯಿ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತ ಕೂತಳು. ಬಂದು ನೋಡಿದಾಗ ಮಾವ ಸೊಸೆ ಇಬ್ಬರೂ ಬಸ್ಸು ಹತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಟ್ರಂಕು ನೋಡಿರಲಿಲ್ಲ. ಒಂದು ದಿನಕ್ಕೆ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. 

ಮಧ್ಯಾಹ್ನ ಸಂಘಪಾಲ ಊಟಕ್ಕೆ ಬಂದ. ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತ, "ನಿನ್ನಿ ಸಂಜಿಗೆ ನನ್ನ ಮಾರಿಗೆ ಏನು ಮೀಸಿ ಬರದಾಳಂತೀ ಅವ್ವಾ, ಇನ್ನೂ ಹೋಗಿಲ್ಲ ನೋಡು" ಎಂದು ಮೇಲ್ದುಟಿ ತೋರಿಸಿದ. "ಎಡಗೈಯಾಕಿ ನೋಡು, ಆಕಿಗೆ ಎಲ್ಲಾ ಉಲ್ಟಾ. ತಟ್ಟಿ ಸುದ್ದಾ ತಿರುಗಿಸಿ ಇಟಗೊಂಡ್ಳು."

"ಆಮ್ಯಾಲ? ತಿರುಗಿ ಸರಿ ಮಾಡಿ ಇಟ್ಟಳಿಲ್ಲೋ?"

"ನಂಗೇನು ಗೊತ್ತು? ಹಂಗೇ ಎತ್ತಿ ಟ್ರಂಕಿನ್ಯಾಗ ಇಟ್ಟಂಗಾತು."

ಕಮಳಾಬಾಯಿ ಕೈಲಿದ್ದ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಮಗನ ಫೋನು ಕಸಿದುಕೊಂಡು ಹಿತ್ತಲಿಗೆ ಹೋದಳು. ಪೂನಂ ನಾಲ್ಕನೆಯ ಸಲಕ್ಕೆ ಎತ್ತಿದಳು. ಹಿಂದೆ ಹಾರ್ಮೋನಿಯಂ ಸದ್ದು, ಗಂಡಸರ ನಗು.

"ಪೂನಂ, ಆ ಮ್ಯಾಲಿನ ತಟ್ಟಿ ಉಲ್ಟಾ ತಿರುಗಿಸಿ ಇಟ್ಟೀಯೇನು? ಜರಾ ನೋಡು."

"ಇಲ್ಲಿ ಕೆಲಸ ಭಾಳ ಅವ ಅತ್ತಿ. ನಾ ಹೆಣ್ಣಮಕ್ಕಳ ಖೋಲ್ಯಾಗ ಇದ್ದೀನಿ. ಪೆಟ್ಟಿಗಿ ಮಾಮಾನ ಹತ್ರ ಅದ."

"ಹೋಗಿ ಸರಿ ಮಾಡು."

"ತಿರುಗಿದ್ರ ತಿರುಗಲಿ. ಮಾಮಾಗೇನು ಕಣ್ಣು ಕಾಣೂದಿಲ್ಲೇನು?"

ಬೆಳಗಿನ ಸಿಟ್ಟಿಗೆ ಆಡಿದ ಮಾತು, ಪೂನಂಗೆ ಬೇರೇನೂ ಗೊತ್ತಿಲ್ಲ. ಕಮಳಾಬಾಯಿ ಫೋನು ಕಿವಿಗೆ ಒತ್ತಿಕೊಂಡು ನಿಂತಳು. ಇಲ್ಲ, ಕಾಣುವುದಿಲ್ಲ ಎಂಬ ಒಂದು ಮಾತು. ಆದರೆ ಆ ಕಡೆ ನಗುವ ಗಂಡಸರು, ಈ ಕಡೆ ಬಾಗಿಲಲ್ಲಿ ಬಂದು ನಿಂತ ಮಗ. ಎರಡು ವರ್ಷ ಕಟ್ಟಿಟ್ಟ ನಾಲಿಗೆ ಬಿಚ್ಚಲಿಲ್ಲ.

"ಕಾಣ್ತದ" ಎಂದಳು. "ಆದ್ರೂ ನೋಡು."

"ನೋಡತೀನಿ" ಎಂದು ಪೂನಂ ಫೋನಿಟ್ಟಳು.

ಅರ್ಧ ತಾಸು ಬಿಟ್ಟು ಕಮಳಾಬಾಯಿ ಮತ್ತೆ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ. "ಆಟೋ ತೆಗಿ, ಮುಡಬಿಗೆ ಹೋಗೂಣು" ಎಂದು ಮಗನಿಗೆ ಹೇಳಿದಳು. ಯಾಕೆಂದು ಅವನು ಕೇಳುವಷ್ಟರಲ್ಲಿ ಹೋಗಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಇನ್ನೂ ಜೋರಾಗಿ ಓಡಿಸು ಎಂದು ಅವನ ಬೆನ್ನಿಗೆ ಗುದ್ದುತ್ತಿದ್ದಳು. ಮುಡಬಿ ಇನ್ನೂ ಎರಡು ಮೈಲಿ ಇದೆಯೆನ್ನುವಾಗ ಎದುರಿಗೆ ಬಿಳಿ ಜೀಪೊಂದು ಹಾರ್ನು ಬಡಿಯುತ್ತ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಯಾರದೋ ಮುಖಕ್ಕೆ ಟವೆಲ್ಲು ಒತ್ತಿ ಹಿಡಿದಿದ್ದರು.

ಬಣ್ಣದ ಖೋಲಿಯಲ್ಲಿ ಹಾರ್ಮೋನಿಯಂ ನಿಂತಿತ್ತು. ಗೋಡೆಯ ಮಗ್ಗುಲಿಗೆ ದೇವಿದಾಸ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದ. ಅವನ ಮುಂದೆ ನಿಂತು ನಾಗನಾಥ ಮೆಲುದನಿಯಲ್ಲಿ ಮಾತಾಡುತ್ತಿದ್ದ. ಅವನು ಕೂಗಿದ್ದರೆ ಕಮಳಾಬಾಯಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಮೀಸಿಗೆ ಹಚ್ಚೋದು ಕಣ್ಣು ಮುಚ್ಚಿ ಕೂತ ನನ್ನ ಮಗನ ಎರಡೂ ಕಣ್ಣಿಗೆ ಎಳೆದಿ. ಕಣ್ಣು ತೆರೆದ ಕೂಡಲೇ ಒಳಗ ಇಳೀತು. ಹುಮನಾಬಾದಿಗೆ ಕಣ್ಣಿನ ದವಾಖಾನಿಗೆ ಒಯ್ದಾರ. ಹ್ಯಾಂಗಾತು ಹೇಳು ದೇವಿದಾಸ."

ದೇವಿದಾಸ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ಹೇಳಿದ. "ಪೆಟ್ಟಿಗಿ ನಮ್ಮ ಸೊಸಿ ಮುಟ್ಟಿದ್ದಳ್ರಿ. ಡಬ್ಬಿ ಅದಲಿ ಬದಲಿ ಆಗ್ಯಾವ."

ಬಾಗಿಲಲ್ಲಿ ನಿಂತ ಪೂನಂ ತಲೆ ತಗ್ಗಿಸಿದಳು. "ಹೌದ್ರಿ. ನಾನೇ ತಿರುಗಿಸಿದ್ದೆ. ನೋಡಬೇಕು ಅನ್ಕೊಂಡೆ, ಮರೆತೆ."

ಕಮಳಾಬಾಯಿ ಅವಳ ಮಗ್ಗುಲಿಗೇ ನಿಂತಿದ್ದಳು. ಎರಡನೆಯ ಸಲವೂ ಆ ಮಾತು ಹೊರಬರಲಿಲ್ಲ.

ಮುಂದಿನ ಹತ್ತು ದಿನ ಆ ಮನೆಯಲ್ಲಿ ಬಾಗಿಲು ಬಡಿದ ಸದ್ದಿಗೆಲ್ಲ ಎಲ್ಲರೂ ಬೆಚ್ಚುತ್ತಿದ್ದರು. ಧನರಾಜನ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಹತ್ತನೆಯ ದಿನ ಬಿಚ್ಚುತ್ತಾರೆ, ಕಣ್ಣು ಉಳಿಯುವುದೋ ಇಲ್ಲವೋ ಆವಾಗಲೇ ಗೊತ್ತಾಗುವುದು ಎಂದು ಸುದ್ದಿ ಬಂತು. ಸಂಘಪಾಲ ಮುಡಬಿ ದಾರಿಗೆ ಆಟೋ ಒಯ್ಯುವುದು ಬಿಟ್ಟ. ಒಂದು ದಿನ ಬಸ್ ನಿಲ್ದಾಣದಲ್ಲಿ ನಾಲ್ಕು ಜನ ಅವನ ಆಟೋ ಸುತ್ತ ನಿಂತು, ಏನೂ ಮಾತಾಡದೆ, ಸುಮ್ಮನೆ ನೋಡಿ ಹೋದರಂತೆ. 

"ಎಲ್ಲಾ ನಿನ್ನಿಂದ" ಎಂದು ಹೆಂಡತಿಯ ಮೇಲೆ ಹರಿಹಾಯ್ದ. "ಕಲೀತೀನಿ ಕಲೀತೀನಿ ಅಂತ ಕುಣದಿ. ನಾಳೆ ಆ ಹುಡುಗನ ಕಣ್ಣು ಹೋತಂದ್ರ ನಾವು ಈ ಊರಾಗ ಇರತೀವೇನು?"

"ನಾ ತವರಿಗೆ ಹೋಗ್ತೀನಿ" ಎಂದಳು ಪೂನಂ. "ನಾ ಇಲ್ಲಂದ್ರ ನಿಮ್ಮನ್ನ ಬಿಡತಾರೇನೋ."

ಅವಳು ಮೂಲೆಯಲ್ಲಿ ಕೂತು ಎಡಗೈ ಬೆರಳುಗಳನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಉಗುರ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ತಲೆಯೆತ್ತಿ, "ಅತ್ತಿ, ಒಂದು ತಿಳೀವಲ್ದು. ತಟ್ಟಿ ತಿರುಗಿಸಿದ್ದು ನಾನೇ ಖರೆ. ಆದ್ರ ಡಬ್ಬಿ ತೆಗೆದ ಕೂಡಲೇ ಮಾಮಾಗ ಹೊಳಪು ಕಾಣಬೇಕಿತ್ತಲ್ಲ?" ಎಂದು ಕೇಳಿದಳು.

ಕಮಳಾಬಾಯಿ ರೊಟ್ಟಿ ತಟ್ಟುತ್ತಲೇ ಇದ್ದಳು. ಪೂನಂ ಮತ್ತೆ ಕೈ ತೊಳೆಯಲು ಹತ್ತಿದಳು.

ದೇವಿದಾಸ ಗೋಡೆಗೆ ಮುಖ ಮಾಡಿ ಮಲಗಿದ್ದ. ತಾಟು ಮುಟ್ಟುತ್ತಿರಲಿಲ್ಲ. ಸೊಸೆಯ ಹೆಸರು ಹೇಳಿದ ಮೇಲೆ ಅವನು ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಕಮಳಾಬಾಯಿಗೆ ಅವನ ಮೇಲೆ ಸಿಟ್ಟು ಬಂತು, ಮದುವೆಯಾದಂದಿನಿಂದ ಬಂದಿರದಷ್ಟು ಸಿಟ್ಟು. ಅದಕ್ಕಿಂತ ಹೆಚ್ಚಿಗೆ ತನ್ನ ಮೇಲೆ ಬಂತು. ಅವನು ಒಂದು ಸಲ ಸುಳ್ಳು ಹೇಳಿದ್ದ, ಅವಳು ದಿನಾ ಸುಳ್ಳು ಬಡಿಸಿದ್ದಳು.

ಒಂಬತ್ತನೆಯ ದಿನ ನಾಗನಾಥನ ಮನೆಯಿಂದ ಶ್ರೀಮಂತ ಎಂಬವನು ಬಂದು ಹೊರಗೆ ನಿಂತೇ ಹೇಳಿದ. ನಾಳೆ ಎಲ್ಲರೂ ಹುಮನಾಬಾದಿಗೆ ಬರಬೇಕು. ಪಟ್ಟಿ ಬಿಚ್ಚುವಾಗ ಎದುರಿಗೆ ಇರಬೇಕು. ಸೊಸೆ ತಪ್ಪೊಪ್ಪಿ ಬರೆದುಕೊಡಬೇಕು. ಆ ಕಾಗದ ಠಾಣೆಗೆ ಹೋಗುವುದೋ ಇಲ್ಲವೋ ಆಮೇಲಿನ ಮಾತು.

ಹುಮನಾಬಾದಿನ ದವಾಖಾನೆಯ ಆ ಕೋಣೆಯಲ್ಲಿ ಒಂದೇ ಕಿಟಕಿ. ಮಂಚದ ಮೇಲೆ ಧನರಾಜ, ತಲೆಯ ಕಡೆಗೆ ನಾಗನಾಥ. ಬಾಗಿಲ ಬಳಿ ಶ್ರೀಮಂತ ಇನ್ನಿಬ್ಬರ ಜೊತೆ ನಿಂತಿದ್ದ. ಒಳಗೆ ಬಂದಮೇಲೆ ಹೊರಗೆ ಹೋಗಬೇಕೆಂದರೆ ಅವರನ್ನು ದಾಟಿಯೇ ಹೋಗಬೇಕು. ಕಮಳಾಬಾಯಿ ಗಂಡನ ರಟ್ಟೆ ಹಿಡಿದು ನಿಲ್ಲಿಸಿದಳು. ಅವನ ಮೈ ಜ್ವರ ಬಂದವರಂತೆ ಬಿಸಿಯಾಗಿತ್ತು.

ಡಾಕ್ಟರು ಪಟ್ಟಿ ಬಿಚ್ಚಿದರು. ಧನರಾಜ ರೆಪ್ಪೆ ಬಡಿದ, ನೀರು ಸುರಿಯಿತು. ಡಾಕ್ಟರು ಬೆರಳು ತೋರಿಸಿ ಎಣಿಸಲು ಹೇಳಿದರು. ಬಲಗಣ್ಣಿಗೆ ಸರಿಯಾಗಿ ಹೇಳಿದ. ಎಡಗಣ್ಣಿಗೆ ತಡವರಿಸಿ, "ಮಂಜು ಮಂಜು ಅದ್ರಿ. ಎರಡೋ ಮೂರೋ" ಎಂದ.

"ಕಣ್ಣು ಉಳಿದಿದೆ" ಎಂದರು ಡಾಕ್ಟರು. "ಎಡಗಣ್ಣಲ್ಲಿ ಕಲೆ ಬಿದ್ದಿದೆ. ಅದು ಎಷ್ಟು ತಿಳಿಯಾಗುತ್ತದೆಂದು ಈಗಲೇ ಹೇಳಲಾಗುವುದಿಲ್ಲ."

ಅವರು ಹೊರಗೆ ಹೋದ ಮೇಲೆ ನಾಗನಾಥ ಕಿಸೆಯಿಂದ ಕಾಗದ ತೆಗೆದು ಮಂಚದ ತುದಿಗೆ ಹಾಸಿದ. ಎಲ್ಲ ಮೊದಲೇ ಬರೆದಿತ್ತು.

"ಬಾರಮ್ಮ, ಸಹಿ ಮಾಡು."

ಪೂನಂ ಮುಂದೆ ಹೋದಳು. ಪೆನ್ನನ್ನು ಎಡಗೈಯಲ್ಲಿ ಹಿಡಿದಳು. ಕಾಗದದ ಮೇಲೆ ಪೆನ್ನಿನ ಮೊನೆ ಟಕಟಕ ಸದ್ದು ಮಾಡಿತು. ಆ ಸದ್ದನ್ನು ಕಮಳಾಬಾಯಿಗೆ ತಡೆಯಲಾಗಲಿಲ್ಲ.

"ಆಕಿ ಮಾಡೂದಿಲ್ಲ" ಎಂದಳು. "ಆಕಿ ತಪ್ಪಲ್ಲರಿ ಅದು. ನಮ್ಮ ಮನಿಯವರಿಗೆ ಕಣ್ಣು ಕಾಣೂದಿಲ್ಲ."

ಬಾಗಿಲ ಬಳಿ ಯಾರೋ ಕಾಲು ಬದಲಿಸಿದರು. ನಾಗನಾಥ ದೇವಿದಾಸನ ಮುಖವನ್ನೇ ನೋಡಿದ. ಸಂಘಪಾಲನೂ ಅಪ್ಪನನ್ನು ಮೊದಲ ಸಲ ಕಂಡವನಂತೆ ನೋಡಿದ.

"ಏನಂತಿ? ಹೋದ ವರ್ಷನೂ ಇವನೇ ಹಚ್ಚಿದ್ದ."

"ಆವಾಗೂ ಕಂಡಿಲ್ಲರಿ. ಎಡಕ್ಕ ಯಾವುದು, ಬಲಕ್ಕ ಯಾವುದು ಅಂತ ಲೆಕ್ಕದ ಮ್ಯಾಲ ಹಚ್ಚತಿದ್ರು. ನಾ ಪ್ರತಿ ಸಲ ಪೆಟ್ಟಿಗಿ ನೋಡಿ ಕಳಸ್ತಿದ್ದೆ, ಆ ದಿನ ನೋಡಲಿಲ್ಲ. ಆ ದಿನ ಫೋನಿನ್ಯಾಗ ಈಕಿ ಕೇಳಿದ್ಲು, ಮಾಮಾಗ ಕಾಣೂದಿಲ್ಲೇನು ಅಂತ. ಕಾಣ್ತದ ಅಂದೆ. ನಾ ಖರೆ ಹೇಳಿದ್ರ ನಿಮ್ಮ ಮಗನ ಕಣ್ಣು ಉಳೀತಿತ್ತು. ಎರಡು ವರ್ಷದಿಂದ ಮುಚ್ಚಿಟ್ಟೀನಿ. ಈಕಿಗೆ ಏನೂ ಗೊತ್ತಿಲ್ಲರಿ."

ಪೂನಂ ತಿರುಗಿ ಅತ್ತೆಯನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ತಿಳಿಯುವ ಧೈರ್ಯ ಕಮಳಾಬಾಯಿಗೆ ಆಗಲಿಲ್ಲ. ಕೈಯಲ್ಲಿದ್ದ ಗಂಡನ ರಟ್ಟೆ ಮೆಲ್ಲಗೆ ಜಾರಿತು. ಮನೆಗೆ ಹೋದ ಮೇಲೆ ಅವನು ತನ್ನ ಮುಖ ನೋಡುವುದಿಲ್ಲ ಎಂದುಕೊಂಡಳು. ಆಮೇಲೆ, ನೋಡುವುದೇನು ಬಂತು ಎಂದು ಹೊಳೆದು ಅಳು ಬಂತು.

"ಎರಡಲ್ಲ" ಎಂದ ದೇವಿದಾಸ.

"ಮೂರು ವರ್ಷಾತು. ಮೊದಲನೇ ವರ್ಷ ನಿನಗೂ ಗೊತ್ತಾಗಲಾರದಂಗ ಇದ್ದೆ." ಅವನು ದನಿ ಬಂದ ಕಡೆಗೆ, ಹೆಂಡತಿಯ ಕಡೆಗೆ ಮುಖ ತಿರುಗಿಸಿದ. ಆಮೇಲೆ ನಾಗನಾಥನಿದ್ದ ದಿಕ್ಕಿಗೆ ತಿರುಗಿದ. "ಸೊಸಿ ಹೆಸರು ಹೊಡೀರಿ. ನಂದು ಬರೀರಿ."

ನಾಗನಾಥ ಪೆನ್ನು ತೆಗೆದುಕೊಂಡು ಒಂದು ಹೆಸರು ಹೊಡೆದು ಇನ್ನೊಂದು ಬರೆದ. ಬರೆಯುವಾಗ ಅವನ ಮುಖದ ಗಂಟು ಸಡಿಲವಾಗಲಿಲ್ಲ. ಈ ಕಾಗದ ಠಾಣೆಗೆ ಹೋಗುವುದಿಲ್ಲ ಎಂದೂ ಅವನು ಹೇಳಲಿಲ್ಲ. ಕಾಗದವನ್ನು ಮುಂದೆ ತಳ್ಳಿ, "ಇಲ್ಲಿ" ಎಂದ.

ದೇವಿದಾಸ ಎರಡು ಹೆಜ್ಜೆ ಮುಂದೆ ಬಂದು ಮಂಚದ ಅಂಚು ತಡವಿದ. ಪೆನ್ನು ಸಿಕ್ಕಿತು, ಕಾಗದ ಸಿಕ್ಕಿತು. ಬಿಳಿಯ ಮೇಲೆ ಮುಖ ಬಗ್ಗಿಸಿದ, ಮತ್ತೂ ಬಗ್ಗಿಸಿದ, ಮೂಗು ತಾಗುವವರೆಗೆ ಬಗ್ಗಿಸಿದ. ನಲವತ್ತು ವರ್ಷ ಊರೂರ ಗಂಡಸರನ್ನು ಅಲುಗಬ್ಯಾಡ್ರಿ ಎಂದು ಕೂಡಿಸಿದ್ದ ಮನುಷ್ಯ ಅಷ್ಟು ಜನರ ಎದುರಿಗೆ ಬಾಯಿಬಿಟ್ಟು ಕೇಳಿದ.

"ಎಲ್ಲಿ ಅಂತ ಕಾಣವಲ್ದು. ಯಾರರ ನನ್ನ ಕೈ ಹಿಡಿದು ತೋರಿಸ್ರಿ."

ಕಮಳಾಬಾಯಿ ಮುಂದೆ ಬಂದಳು. ಆದರೆ ಅಷ್ಟರಲ್ಲಿ ಪೂನಂ ತನ್ನ ಎಡಗೈಯನ್ನು ಮಾವನ ಕೈಯ ಮೇಲಿಟ್ಟು, ಪೆನ್ನಿನ ಮೊನೆಯನ್ನು ಗೆರೆಯ ಮೇಲೆ ತಂದು ನಿಲ್ಲಿಸಿದ್ದಳು.